ನಾವು ಕಿತ್ತು ಹಾಕಿಸಿದ ಡಬ್ಬಿ, ಅದನ್ನು ಮಾಡಿದ ಹೂಡ್ರಿ

ನಾವು ನಾಲ್ಕು ಜನ. ಚನ್ನಗಿರಿಯವನು ಒಬ್ಬ, ಹೊನ್ನಾಳಿಯವನು ಒಬ್ಬ, ನ್ಯಾಮತಿಯವಳು ಒಬ್ಬಳು, ಜಗಳೂರಿನವನು ಒಬ್ಬ. ಕ್ಲಾಸಿನಲ್ಲಿ ನಮ್ಮನ್ನು ಜಿಲ್ಲಾ ಪಂಚಾಯ್ತಿ ಅಂತ ಕರೀತಾರೆ. ಈ ಸಲದ ಸಂಚಿಕೆಗೆ ಒಬ್ಬ ಸಾಧಕರ ಜೀವನ ಬರೆದು ಕೊಡಿ ಅಂತ ಸಂಘದವರು ಕೇಳಿದಾಗ, ಸರ್ ಎಂ.ವಿ. ಬಗ್ಗೆ ಆಗಲೇ ಮೂರು ಲೇಖನ ಬಂದಿವೆ ಅಂತ ಗೊತ್ತಾಯ್ತು. ನಮ್ಮ ತಲೆಯಲ್ಲಿ ಆ ಹೊತ್ತಿಗೆ ಬೇರೊಬ್ಬ ಕೂತಿದ್ದ. ಅವನ ಹೆಸರು ಯೂಜೀನ್ ಹೂಡ್ರಿ. ಕೆಮಿಕಲ್ ಬ್ರಾಂಚ್‌ನವರಿಗೆ ಈ ಹೆಸರು ಗೊತ್ತಿರುತ್ತೆ. ಮೆಕ್ಯಾನಿಕಲ್‌ನವರಾದ ನಮಗೆ ಗೊತ್ತಾಗಿದ್ದು ಒಂದು ತಪ್ಪು ಮಾಡಿದ ಮೇಲೆ.

ತಪ್ಪು ಏನು ಅಂತ ಮೊದಲೇ ಹೇಳಿಬಿಡ್ತೀವಿ. ಚನ್ನಗಿರಿಯವನ ದೊಡ್ಡಪ್ಪನ ಹತ್ತಿರ 2004ರ ಮಾರುತಿ ಎಸ್ಟೀಮ್ ಇದೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಈಗ ಅವರು ಹೊಸ ಗಾಡಿ ಓಡಿಸ್ತಾರೆ, ಎಸ್ಟೀಮ್ ನಮ್ಮ ಪಾಲಿಗೆ ಬಂತು. ರಜೆಯಲ್ಲಿ ದುಡ್ಡು ಕೂಡಿಸಿ ಅದಕ್ಕೆ ಹೊಸ ಹೆಡರ್, ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದೆವು. ಹೊಗೆ ಸಲೀಸಾಗಿ ಹೊರಗೆ ಹೋದರೆ ಇಂಜಿನ್ ಚೆನ್ನಾಗಿ ಉಸಿರಾಡುತ್ತೆ ಅನ್ನೋದು ಲೆಕ್ಕ. ಆಗ ಗ್ಯಾರೇಜಿನವರು, ಇಷ್ಟೆಲ್ಲ ಮಾಡಿ ನಡುವೆ ಕ್ಯಾಟಲಿಟಿಕ್ ಕನ್ವರ್ಟರ್ ಇಟ್ಟುಕೊಂಡರೆ ಏನು ಪ್ರಯೋಜನ, ಕಿತ್ತು ನೇರ ಪೈಪ್ ವೆಲ್ಡ್ ಮಾಡಿಕೊಡ್ತೀವಿ, ಕೂಲಿ ಬೇಡ ಅಂದರು. ಕೂಲಿ ಯಾಕೆ ಬೇಡ ಅಂತ ನಾವು ಕೇಳಲಿಲ್ಲ. ನಮ್ಮ ಗಾಡಿಯಲ್ಲಿ ಕನ್ವರ್ಟರ್ ಆದಮೇಲೆ ಇನ್ನೊಂದು ಸೆನ್ಸರ್ ಇಲ್ಲ, ಕಿತ್ತರೂ ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಹತ್ತೋದಿಲ್ಲ. ಯಾರಿಗೂ ಗೊತ್ತಾಗಲ್ಲ ಅಂತ ಒಪ್ಪಿಕೊಂಡೆವು.

ಗೊತ್ತಾಯ್ತು. ಚನ್ನಗಿರಿಯಿಂದ ಹೊನ್ನಾಳಿ ಮೇಲೆ ನ್ಯಾಮತಿಗೆ ಹೋಗಿ ಅವಳ ಮನೆ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಸೌಂಡ್ ಕೇಳಲಿ ಅಂತ ಇಂಜಿನ್ ಆಫ್ ಮಾಡದೆ ಬಿಟ್ಟಿದ್ದೆವು. ಕಟ್ಟೆ ಮೇಲೆ ಕೂತಿದ್ದ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೆಮ್ಮುತ್ತಾ ಎದ್ದು ಒಳಗೆ ಹೋದರು. ನಮ್ಮನ್ನು ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು. ಮುಂದಿನ ವಾರ ಎಮಿಷನ್ ಟೆಸ್ಟ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಮೀರಿ ಫೇಲ್ ಆಯ್ತು. ಪವರ್ ಜಾಸ್ತಿ ಆಯ್ತಾ ಅಂದ್ರೆ, ಸದ್ದು ಜಾಸ್ತಿ ಆಯ್ತು. ಕಿತ್ತು ಹಾಕಿಸಿದ ಡಬ್ಬಿಯಲ್ಲಿ ಅಂಥದ್ದೇನಿತ್ತು ಅಂತ ಓದೋಕೆ ಕೂತಾಗ ಸಿಕ್ಕವನೇ ಹೂಡ್ರಿ. ಫ್ರೆಂಚರು ಹ ಉಚ್ಚರಿಸೋದಿಲ್ಲ, ಊಡ್ರಿ ಅಂತಾರಂತೆ. ನಮ್ಮ ಕಡೆ ಹೂಡ್ರಿ ಅಂದ್ರೆ ಎತ್ತು ಹೂಡ್ರಿ ಅಂತ ಅರ್ಥ, ಅದಕ್ಕೇ ನಾವು ಹ ಉಳಿಸಿಕೊಂಡಿದ್ದೀವಿ.

ಹೂಡ್ರಿ ಹುಟ್ಟಿದ್ದು 1892ರ ಏಪ್ರಿಲ್ 18ರಂದು, ಪ್ಯಾರಿಸ್ ಹತ್ತಿರದ ದೊಮಾಂ ಎಂಬ ಊರಿನಲ್ಲಿ. ಅಪ್ಪನದು ಉಕ್ಕಿನ ವ್ಯವಹಾರ. ಪ್ಯಾರಿಸ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ 1911ರಲ್ಲಿ ಕ್ಲಾಸಿಗೇ ಮೊದಲಿಗನಾಗಿ ಚಿನ್ನದ ಪದಕ ಪಡೆದ. ಸಾಲದ್ದಕ್ಕೆ ಫುಟ್‌ಬಾಲ್ ಟೀಮಿನ ಕ್ಯಾಪ್ಟನ್ ಬೇರೆ. ಇಂಥವರು ನಮ್ಮ ಕ್ಲಾಸಲ್ಲೂ ಒಬ್ಬರಿದ್ದಾರೆ, ಅವರನ್ನು ಕಂಡರೆ ನಮಗೆ ಹೊಟ್ಟೆಕಿಚ್ಚು.

ಓದು ಮುಗಿಸಿ ಅಪ್ಪನ ಕಂಪನಿ ಸೇರಿಕೊಂಡ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಮೊದಲು ಫಿರಂಗಿ ದಳ, ಆಮೇಲೆ ಆಗಿನ್ನೂ ಹೊಸದಾಗಿದ್ದ ಟ್ಯಾಂಕ್ ದಳ. 1917ರಲ್ಲಿ ಜುವಿಂಕೂರ್ ಯುದ್ಧದಲ್ಲಿ, ಗುಂಡಿನ ಸುರಿಮಳೆ ನಡುವೆ ಕೆಟ್ಟು ನಿಂತ ಟ್ಯಾಂಕ್‌ಗಳನ್ನು ರಿಪೇರಿ ಮಾಡಿಸುತ್ತಿರುವಾಗ ಹೂಡ್ರಿಗೆ ತೀವ್ರ ಗಾಯವಾಯ್ತು. ಅದಕ್ಕಾಗಿ ಫ್ರಾನ್ಸ್ ಸರ್ಕಾರ ಶೌರ್ಯ ಪದಕ ಕೊಟ್ಟಿತು. ಗಾಡಿ ಕೆಟ್ಟಾಗ ಪಕ್ಕಕ್ಕೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡೋ ನಮಗೆ ಈ ಭಾಗ ಓದಿದಾಗ ಸ್ವಲ್ಪ ನಾಚಿಕೆ ಆಯ್ತು.

ನಮಗೆ ನಿಜವಾಗಿ ಆಶ್ಚರ್ಯ ತಂದದ್ದು ಇದರ ಮುಂದಿನ ಭಾಗ. ಹೊಗೆ ಶುದ್ಧ ಮಾಡೋ ಡಬ್ಬಿ ಕಂಡುಹಿಡಿದವನು ಅಂದ್ರೆ ಯಾರೋ ಪರಿಸರದ ಕಡೆಯವರು, ಸ್ಪೀಡ್ ಕಂಡರೆ ಆಗದವರು ಇರಬೇಕು ಅಂದುಕೊಂಡಿದ್ದೆವು. ಹೂಡ್ರಿ ರೇಸಿಂಗ್ ಹುಚ್ಚಿನವನು. ಯುದ್ಧ ಮುಗಿದ ಮೇಲೆ ಕಾರುಗಳ ಹಿಂದೆ ಬಿದ್ದ. ಅಮೆರಿಕಕ್ಕೆ ಹೋದಾಗ ಡೆಟ್ರಾಯಿಟ್‌ನಲ್ಲಿ ಫೋರ್ಡ್ ಕಾರ್ಖಾನೆ ನೋಡಿದ, ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಯ ರೇಸ್ ನೋಡಿದ. ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಪೆಟ್ರೋಲ್ ಚೆನ್ನಾಗಿಲ್ಲದಿದ್ದರೆ ನಾಕಿಂಗ್ ಆಗುತ್ತೆ, ಕಂಪ್ರೆಷನ್ ಏರಿಸೋಕೆ ಆಗಲ್ಲ ಅನ್ನೋದು ಅವನ ತಲೆಗೆ ಹೊಕ್ಕಿತು. ಉಕ್ಕು ಬಿಟ್ಟು ಇಂಧನ ಹಿಡಿದ.

ಫ್ರಾನ್ಸ್‌ನಲ್ಲಿ ಪೆಟ್ರೋಲಿಯಂ ಕಡಿಮೆ, ಲಿಗ್ನೈಟ್ ಕಲ್ಲಿದ್ದಲು ಇತ್ತು. ಅದರಿಂದ ಪೆಟ್ರೋಲ್ ತೆಗೆಯೋ ಪ್ರಯತ್ನದಲ್ಲಿ ಹೂಡ್ರಿ ವರ್ಷಗಟ್ಟಲೆ ಕಳೆದ. 1929ರಲ್ಲಿ ಡೆಮೊ ಘಟಕ ಕೂಡ ಓಡಿತು. ಆದರೆ ಖರ್ಚಿಗೆ ಗಿಟ್ಟಲಿಲ್ಲ, ಸರ್ಕಾರ ಕೈಬಿಟ್ಟಿತು. ಈ ನಡುವೆ ದಪ್ಪ ಎಣ್ಣೆಯ ಮೇಲೂ ಪ್ರಯೋಗ ನಡೀತಿತ್ತು. ನೂರಾರು ಕ್ಯಾಟಲಿಸ್ಟ್‌ ಪರೀಕ್ಷಿಸಿ, 1927ರಲ್ಲಿ ಸಿಲಿಕಾ ಮತ್ತು ಅಲ್ಯೂಮಿನಾ ಇರುವ ಒಂದು ಜಾತಿಯ ಜೇಡಿಮಣ್ಣು ಕೆಲಸ ಮಾಡುತ್ತೆ ಅಂತ ಕಂಡುಕೊಂಡ. ಉದ್ದ ಅಣುಗಳು ಅದರ ಮೇಲೆ ಮುರಿದು ಒಳ್ಳೆ ಪೆಟ್ರೋಲ್ ಆಗುತ್ತಿದ್ದವು. ತೊಂದರೆ ಏನಪ್ಪ ಅಂದ್ರೆ, ಸ್ವಲ್ಪ ಹೊತ್ತಿಗೇ ಮಣ್ಣಿನ ಮೇಲೆ ಇಂಗಾಲ ಕಪ್ಪಾಗಿ ಕಟ್ಟಿಕೊಂಡು ಕೆಲಸ ನಿಂತು ಹೋಗುತ್ತಿತ್ತು. ಬೇರೆಯವರು ಇಲ್ಲೇ ಕೈಚೆಲ್ಲಿದ್ದರು. ಹೂಡ್ರಿ ಆ ಇಂಗಾಲವನ್ನು ಗಾಳಿ ಊದಿ ಸುಟ್ಟು, ಅದೇ ಮಣ್ಣನ್ನು ಮತ್ತೆ ಮತ್ತೆ ಬಳಸಿದ. ಬಹುಶಃ ಇದು ಅವನಲ್ಲಿದ್ದ ಮೆಕ್ಯಾನಿಕಲ್ ಇಂಜಿನಿಯರ್ ಮಾಡಿದ ಕೆಲಸ ಅಂತ ನಮ್ಮ ಅಭಿಪ್ರಾಯ. ಕೆಮಿಕಲ್‌ನವರು ಜಗಳಕ್ಕೆ ಬರಬಹುದು.

1930ರಲ್ಲಿ ವ್ಯಾಕ್ಯೂಮ್ ಆಯಿಲ್ ಕಂಪನಿ ಅವನನ್ನು ಅಮೆರಿಕಕ್ಕೆ ಕರೆಸಿಕೊಂಡಿತು. ಆಮೇಲೆ ಸನ್ ಆಯಿಲ್ ಕೈಜೋಡಿಸಿತು. 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ದೊಡ್ಡ ಘಟಕ ಶುರುವಾಯ್ತು. ಹಳೇ ವಿಧಾನದಲ್ಲಿ ಸುಮಾರು ಕಾಲು ಭಾಗ ಪೆಟ್ರೋಲ್ ಸಿಗುವ ಕಡೆ ಇಲ್ಲಿ ಸುಮಾರು ಅರ್ಧ ಸಿಕ್ಕಿತು, ಅದೂ ಹೆಚ್ಚು ಆಕ್ಟೇನ್‌ನದು. ಇಂಗಾಲ ಸುಟ್ಟಾಗ ಬರುವ ಬಿಸಿ ಗ್ಯಾಸನ್ನು ಸುಮ್ಮನೆ ಬಿಡದೆ ಅದರಿಂದ ಟರ್ಬೈನ್ ತಿರುಗಿಸಿ, ಆ ಟರ್ಬೈನ್‌ನಿಂದ ಕಂಪ್ರೆಸರ್ ಓಡಿಸುತ್ತಿದ್ದರು. ಟರ್ಬೋ ಟರ್ಬೋ ಅಂತ ಬಾಯಿ ಬಡಿದುಕೊಳ್ಳುವ ನಮ್ಮ ಸೀನಿಯರ್‌ಗಳು ಇದನ್ನು ಗಮನಿಸಬೇಕು.

1940ರ ವೇಳೆಗೆ ಇಂಥ 14 ಘಟಕಗಳು ದಿನಕ್ಕೆ 1,40,000 ಬ್ಯಾರೆಲ್ ಎಣ್ಣೆ ಸಂಸ್ಕರಿಸುತ್ತಿದ್ದವು. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಬೇಕಾದ 100 ಆಕ್ಟೇನ್ ಇಂಧನಕ್ಕೆ ಈ ವಿಧಾನ ದೊಡ್ಡ ಆಸರೆಯಾಯ್ತು. ಫ್ರಾನ್ಸ್ ಜರ್ಮನಿಗೆ ಶರಣಾದಾಗ, ಅಲ್ಲಿನ ವಿಶಿ ಸರ್ಕಾರವನ್ನು ಹೂಡ್ರಿ ಅಮೆರಿಕದಲ್ಲಿ ಕೂತು ಬಹಿರಂಗವಾಗಿ ವಿರೋಧಿಸಿದ. ಆ ಸರ್ಕಾರ ಅವನ ಪೌರತ್ವವನ್ನೇ ಕಿತ್ತುಕೊಂಡಿತು. ಯಾವ ದೇಶಕ್ಕಾಗಿ ಟ್ಯಾಂಕ್ ಪಕ್ಕ ಬಿದ್ದಿದ್ದನೋ ಆ ದೇಶ. 1942ರಲ್ಲಿ ಆತ ಅಮೆರಿಕದ ಪ್ರಜೆಯಾದ. ಅದೇ ವರ್ಷ ಅವನ ವಿಧಾನಕ್ಕಿಂತ ಮುಂದುವರಿದ ಫ್ಲೂಯಿಡ್ ಕ್ರ್ಯಾಕಿಂಗ್ ಬಂತು. ಇವತ್ತು ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿ ಇರೋದು ಆ ವಂಶದ್ದೇ.

ಇಷ್ಟಕ್ಕೇ ನಿಂತಿದ್ದರೂ ಅವನ ಹೆಸರು ಉಳೀತಿತ್ತು. ಯುದ್ಧದ ನಂತರ ಲಾಸ್ ಏಂಜಲೀಸ್‌ನಂಥ ಊರುಗಳಲ್ಲಿ ಕಣ್ಣುರಿಸುವ ಹೊಗೆಮಂಜು ಕವಿಯತೊಡಗಿತ್ತು, ಶ್ವಾಸಕೋಶದ ಕ್ಯಾನ್ಸರ್ ಹೆಚ್ಚುತ್ತಿತ್ತು. ಜಗತ್ತಿಗೆ ಒಳ್ಳೆ ಪೆಟ್ರೋಲ್ ಕೊಟ್ಟವನಿಗೆ ಅದರ ಇನ್ನೊಂದು ತುದಿಯಲ್ಲಿ ಏನು ಹೊರಗೆ ಬರ್ತಿದೆ ಅನ್ನೋ ಚಿಂತೆ ಹತ್ತಿತು. ವಯಸ್ಸು ಅರವತ್ತರ ಹತ್ತಿರ. ಆಕ್ಸಿ ಕ್ಯಾಟಲಿಸ್ಟ್ ಎಂಬ ಹೊಸ ಕಂಪನಿ ಕಟ್ಟಿದ. ಕಾರ್ಖಾನೆಯ ಚಿಮಣಿಗಳಿಗೆ, ಆಮೇಲೆ ವಾಹನಗಳಿಗೆ ಕ್ಯಾಟಲಿಸ್ಟ್ ಮಫ್ಲರ್ ಮಾಡಿದ. ಅರ್ಧಂಬರ್ಧ ಉರಿದು ಬಂದ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳು ಬಿಸಿಯಾದ ಪ್ಲಾಟಿನಂ ಮೇಲೆ ಹಾದು ಹೋಗುವಾಗ ಪೂರ್ತಿ ಉರಿದು ಕಾರ್ಬನ್ ಡೈಆಕ್ಸೈಡ್, ನೀರು ಆಗುತ್ತವೆ. 1956ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು.

ಆದರೆ ಕಾರಿಗೆ ಕೂರಿಸೋಕೆ ಆಗಲಿಲ್ಲ. ಕಾರಣ ಸೀಸ. 1921ರಲ್ಲಿ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ ನಿಲ್ಲುತ್ತೆ ಅಂತ ಕಂಡುಕೊಂಡಿದ್ದ. ಹೂಡ್ರಿ ಮಣ್ಣಿನಿಂದ ಸಾಧಿಸಿದ್ದನ್ನು ಆತ ಚಮಚದಲ್ಲಿ ಸಾಧಿಸಿದ. ಅದು ಅಗ್ಗ, ಜಗತ್ತಿನ ಬಂಕುಗಳಲ್ಲೆಲ್ಲ ಅದೇ ತುಂಬಿತು. ಆ ಸೀಸ ಹೊಗೆಯ ಜೊತೆ ಬಂದು ಪ್ಲಾಟಿನಂ ಮೇಲೆ ಪದರ ಕಟ್ಟಿ ಕ್ಯಾಟಲಿಸ್ಟನ್ನು ಸಾಯಿಸುತ್ತಿತ್ತು. ಸುಟ್ಟು ತೆಗೆಯೋಕೆ ಅದು ಇಂಗಾಲ ಅಲ್ಲವಲ್ಲ. ಹೂಡ್ರಿಯ ಡಬ್ಬಿಗಳು ಸೀಸವಿಲ್ಲದ ಇಂಧನದಲ್ಲಿ ಗೋದಾಮಿನೊಳಗೆ ಓಡುವ ಫೋರ್ಕ್‌ಲಿಫ್ಟ್‌ನಂಥ ಗಾಡಿಗಳಿಗೆ ಸೀಮಿತವಾದವು. 1962ರ ಜುಲೈ 18ರಂದು, 70ನೇ ವಯಸ್ಸಿನಲ್ಲಿ ತೀರಿಕೊಂಡಾಗ ರಸ್ತೆಯ ಮೇಲಿನ ಕಾರುಗಳು ಹಾಗೇ ಹೊಗೆ ಕಾರುತ್ತಿದ್ದವು.

ಅಮೆರಿಕದಲ್ಲಿ 1970ರ ಕಾನೂನು ಬಂದು, ಸೀಸವಿಲ್ಲದ ಪೆಟ್ರೋಲ್ ಸಿಕ್ಕು, 1975ರ ಮಾಡೆಲ್‌ಗಳಲ್ಲಿ ಕನ್ವರ್ಟರ್ ಬಂತು. ರೋಡಿಯಂ ಸೇರಿಸಿ ನೈಟ್ರೋಜನ್ ಆಕ್ಸೈಡ್‌ಗಳನ್ನೂ ಮುರಿಯುವ ಇವತ್ತಿನ ಮೂರು ಕೆಲಸದ ಡಬ್ಬಿ ಬಂದದ್ದು ಅದರ ನಂತರ. ನಮ್ಮಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಯ್ತು. ದೇಶದ ಎಲ್ಲ ಬಂಕುಗಳಿಗೂ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ರ ಫೆಬ್ರವರಿಯಲ್ಲಿ. ಅಂದ್ರೆ ಜಗಳೂರಿನಲ್ಲೋ ನ್ಯಾಮತಿಯಲ್ಲೋ ಒಂದು ಕನ್ವರ್ಟರ್ ಬದುಕಿ ಉಳಿಯೋಕೆ ಹೂಡ್ರಿ ಸತ್ತು 38 ವರ್ಷ ಬೇಕಾಯ್ತು. ನಮ್ಮ ಎಸ್ಟೀಮ್ ಅದಾಗಿ ನಾಲ್ಕು ವರ್ಷಕ್ಕೆ ಬಂದ ಗಾಡಿ. ನಾವು ಅದನ್ನು ಒಂದು ಮಧ್ಯಾಹ್ನದಲ್ಲಿ ಗ್ರೈಂಡರ್ ಹಿಡಿಸಿ ಕತ್ತರಿಸಿದೆವು.

ಹಳೇ ಕನ್ವರ್ಟರ್ ಒಳಗೆ ಬ್ಲಾಕ್ ಆಗಿದ್ದರೆ ಗಾಡಿ ಎಳೆಯೋದಿಲ್ಲ ಅನ್ನೋದು ನಿಜ. ಆದರೆ ಅದಕ್ಕೆ ಪರೀಕ್ಷೆಗಳಿವೆ. ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಒಳಗೆ ಚೂರು ಅಲುಗಾಡೋದು ಕೇಳಿಸುತ್ತೆ, ಗೇಜ್ ಹಾಕಿ ಬ್ಯಾಕ್ ಪ್ರೆಷರ್ ನೋಡಬಹುದು. ನಾವು ಎರಡೂ ಮಾಡಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ ಅನ್ನೋದನ್ನೂ ಓದಿದ್ದು ಆಮೇಲೆ.

ಗ್ಯಾರೇಜಿಗೆ ಹೋಗಿ ನಮ್ಮ ಡಬ್ಬಿ ವಾಪಸ್ ಕೊಡಿ ಅಂದೆವು. ಸ್ಕ್ರ್ಯಾಪ್‌ನವರು ತಗೊಂಡು ಹೋದರು ಅಂದರು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರೋ ಡಬ್ಬಿ. ಕೂಲಿ ಯಾಕೆ ಬೇಡ ಅಂದಿದ್ದರು ಅಂತ ಆಗ ಅರ್ಥ ಆಯ್ತು.

ಈಗ ಹೊಸದಕ್ಕೆ ದುಡ್ಡು ಕೂಡಿಸ್ತಾ ಇದ್ದೀವಿ. ಹೆಡರ್ ಇರಲಿ, ಸೈಲೆನ್ಸರ್ ಇರಲಿ, ನಡುವೆ ಕನ್ವರ್ಟರ್ ಕೂರಲಿ ಅಂತ ತೀರ್ಮಾನ. ಅಲ್ಲಿವರೆಗೆ ಎಸ್ಟೀಮ್ ಚನ್ನಗಿರಿಯಲ್ಲಿ ದೊಡ್ಡಪ್ಪನ ಅಡಿಕೆ ಶೆಡ್ಡಿನ ಪಕ್ಕ ಟಾರ್ಪಾಲ್ ಹೊದ್ದು ನಿಂತಿದೆ. ನ್ಯಾಮತಿ ಅಜ್ಜಿ ಮೊನ್ನೆ ಫೋನಿನಲ್ಲಿ, ಆ ಕಾರಿನ ಹುಡುಗರು ಮತ್ತೆ ಯಾವಾಗ ಬರ್ತಾರೆ ಅಂತ ಕೇಳಿದರಂತೆ. ಬಸ್ಸಿಗೆ ಬರ್ತಾರೆ ಅಂತ ಮೊಮ್ಮಗಳು ಹೇಳಿದ್ದಾಳೆ.