ಕಳಚಿ ಜೋಡಿಸಿದ ಕೈಗಳು: ಜಿ. ಡಿ. ನಾಯ್ಡು



ಚಾಮರಾಜನಗರದ ಕಡೆಯಿಂದ ಕೊಯಮತ್ತೂರಿಗೆ ಹೋಗುವ ಬಸ್ಸು ಹಾಸನೂರು ದಾಟಿ ದಿಂಬಂ ಘಾಟಿಗೆ ಬಂದಾಗ ಚಾಲಕನ ಎಡಗೈಯನ್ನು ಗಮನಿಸಿರುವಿರಾ? 27 ತಿರುವುಗಳ ಆ ಇಳಿಜಾರಿನಲ್ಲಿ ಅವನು ಬ್ರೇಕನ್ನಷ್ಟೇ ನಂಬುವುದಿಲ್ಲ. ಗೇರನ್ನು ಇಳಿಸುತ್ತಾನೆ. ಆಗ ಎಂಜಿನ್ ತಾನೇ ಗಾಡಿಯನ್ನು ಹಿಡಿದು ನಿಲ್ಲಿಸಿದಂತೆ ಗುರುಗುಟ್ಟುತ್ತದೆ. ಘಾಟಿಯ ಬುಡದಲ್ಲಿ ಬಣ್ಣಾರಿ ಅಮ್ಮನ ಗುಡಿ ಕಾಣಿಸಿದ ಮೇಲೆಯೇ ಪ್ರಯಾಣಿಕರು ನೆಮ್ಮದಿಯಿಂದ ಉಸಿರಾಡುವುದು.

ಕೊಯಮತ್ತೂರು ನಮಗೆ ಪರಸ್ಥಳವೇನೂ ಅಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವೇ ಆಗಿತ್ತು. ಇಂದಿಗೂ ಆ ಊರಿನಲ್ಲಿ ಕನ್ನಡ ಮಾತಾಡುವ ನೇಕಾರ ಮನೆತನಗಳಿವೆ. ಆ ನಾಡಿನಲ್ಲಿ ಹುಟ್ಟಿ, ಶಾಲೆಯ ಓದು ಒಲ್ಲೆನೆಂದು ಓಡಿಹೋಗಿ, ಯಂತ್ರಗಳನ್ನೇ ಗುರುವಾಗಿ ಮಾಡಿಕೊಂಡ ಸಾಹಸಿಯೊಬ್ಬನ ಜೀವನವನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಶಾಲೆ ಬಿಟ್ಟವನ ಕಥೆ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ.

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಅವರು 1893ರ ಮಾರ್ಚ್ 23ರಂದು ಕೊಯಮತ್ತೂರಿಗೆ ಸಮೀಪದ ಕಲಂಗಲ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಬೇಸಾಯಗಾರರು. ಮನೆಯ ಮಾತು ತೆಲುಗು, ಊರಿನ ಮಾತು ತಮಿಳು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನಿಗೆ ಶಾಲೆಯ ಗೋಡೆಗಳ ನಡುವೆ ಮನಸ್ಸು ನಿಲ್ಲಲಿಲ್ಲ. ಪ್ರಾಥಮಿಕ ಹಂತದಲ್ಲಿಯೇ ಓದಿಗೆ ಶರಣು ಹೊಡೆದು ಹೊಲಗದ್ದೆಗಳ ದಾರಿ ಹಿಡಿದನು.

ಒಂದು ದಿನ ಆ ಹಳ್ಳಿಯ ದಾರಿಯಲ್ಲಿ ಆಂಗ್ಲ ಅಧಿಕಾರಿಯೊಬ್ಬನ ರಡ್ಜ್ ಮೋಟಾರ್ ಸೈಕಲ್ ಬಂದಿತು. ಎತ್ತಿಲ್ಲ, ಕುದುರೆಯಿಲ್ಲ, ಆದರೂ ಗಾಡಿ ಓಡುತ್ತದೆ! ಊರಿನವರು ಬೆರಗಾಗಿ ನೋಡಿ ಮರೆತರು. ಈ ಹುಡುಗ ಮರೆಯಲಿಲ್ಲ. ಅದರ ಒಳಗೆ ಏನಿದೆ ಎಂದು ತಿಳಿಯಲೇಬೇಕೆಂಬ ಹಂಬಲ ಅವನನ್ನು ಮನೆಯಿಂದ ಹೊರಡಿಸಿತು. ಕೊಯಮತ್ತೂರಿಗೆ ಬಂದು ಹೋಟೆಲಿನಲ್ಲಿ ಮಾಣಿಯ ಕೆಲಸಕ್ಕೆ ಸೇರಿದನು. ಲೋಟ ತಟ್ಟೆಗಳನ್ನು ಎತ್ತಿ ಗಳಿಸಿದ ಕಾಸನ್ನು ಕೂಡಿಟ್ಟು, ಕೊನೆಗೆ ಆ ಮೋಟಾರ್ ಸೈಕಲನ್ನೇ ಕೊಂಡನು. ಕೊಂಡವನು ಹತ್ತಿ ಮೆರೆಯಲಿಲ್ಲ. ಅದನ್ನು ಪೂರ್ತಿಯಾಗಿ ಕಳಚಿಹಾಕಿ ಮತ್ತೆ ಜೋಡಿಸಿದನು. ಇದೇ ಅವನ ಪಾಠಶಾಲೆ. ಕಳಚುವುದು ಯಾರಿಂದಲೂ ಸಾಧ್ಯ. ಕಳಚಿದ್ದನ್ನು ಒಂದು ತಿರುಪೂ ಮಿಗದಂತೆ ಜೋಡಿಸುವುದರಲ್ಲಿ ವಿದ್ಯೆಯಿದೆ.

ಮೊದಲ ಮಹಾಯುದ್ಧದ ಕಾಲಕ್ಕೆ ನಾಯ್ಡು ಅವರು ತಿರುಪ್ಪೂರಿನಲ್ಲಿ ಹತ್ತಿ ಬಿಡಿಸುವ ಕಾರ್ಖಾನೆ ನಡೆಸಿ ಹೇರಳವಾಗಿ ಹಣ ಸಂಪಾದಿಸಿದರು. ತಿರುಪ್ಪೂರು 2009ರಲ್ಲಿ ಪ್ರತ್ಯೇಕ ಜಿಲ್ಲೆಯ ಕೇಂದ್ರವಾಯಿತು. ಆಗ ಅದು ಕೊಯಮತ್ತೂರು ಸೀಮೆಯ ಹತ್ತಿಪೇಟೆ. ಗೆಲುವಿನ ಅಮಲಿನಲ್ಲಿ ಅವರು ಮುಂಬಯಿಯ ಹತ್ತಿ ವ್ಯಾಪಾರಕ್ಕೆ ಕೈಹಾಕಿ, ಗಳಿಸಿದ್ದನ್ನೆಲ್ಲ ಕಳೆದುಕೊಂಡು ಬರಿಗೈಯಲ್ಲಿ ಊರಿಗೆ ಹಿಂದಿರುಗಿದರು. ಎಷ್ಟೋ ಜನರ ಬದುಕು ಇಂಥ ಏಟಿಗೆ ಅಲ್ಲಿಗೇ ನಿಂತುಬಿಡುತ್ತದೆ. ನಾಯ್ಡು ಅವರು ಮಾತ್ರ ತಮಗೆ ಗೊತ್ತಿದ್ದ ಮೊದಲ ಪಾಠಕ್ಕೆ, ಅಂದರೆ ಯಂತ್ರದ ಬಳಿಗೆ, ಮರಳಿದರು.

ಕೊಯಮತ್ತೂರಿನ ಉದ್ಯಮಿ ಸ್ಟೇನ್ಸ್ ಅವರ ನೆರವಿನಿಂದ 1920ರಲ್ಲಿ ಒಂದು ಬಸ್ಸನ್ನು ಪಡೆದು ಪೊಳ್ಳಾಚಿಗೂ ಪಳನಿಗೂ ನಡುವೆ ಓಡಿಸತೊಡಗಿದರು. ಮಾಲೀಕರೂ ಅವರೇ, ಚಾಲಕರೂ ಅವರೇ. ದಾರಿಯ ಮಧ್ಯೆ ಉಡುಮಲೈಪೇಟೆ. ಕೊನೆಯಲ್ಲಿ ಮುರುಗನ ಬೆಟ್ಟ. ಅಂದಿನ ಬಸ್ಸು ಓಡಿಸುವುದೆಂದರೆ ಇಂದಿನಂತೆ ಸುಲಭವಲ್ಲ. ಗೇರು ಪೆಟ್ಟಿಗೆಯೊಳಗಿನ ಹಲ್ಲಿನ ಚಕ್ರಗಳ ವೇಗವನ್ನು ತಾನಾಗಿ ಸರಿಹೊಂದಿಸುವ ವ್ಯವಸ್ಥೆ ಮೋಟಾರುಗಳಲ್ಲಿ ಬಂದದ್ದೇ 1928ರಲ್ಲಿ, ಅದೂ ಅಮೆರಿಕದ ಬೆಲೆಬಾಳುವ ಕ್ಯಾಡಿಲಾಕ್ ಕಾರಿನಲ್ಲಿ. ಅದಕ್ಕೆ ಮೊದಲು ಚಾಲಕನು ಕ್ಲಚ್ಚನ್ನು ಎರಡು ಬಾರಿ ತುಳಿದು, ಎಂಜಿನ್ನಿನ ಸದ್ದನ್ನು ಕಿವಿಯಿಂದಲೇ ಅಳೆದು ಗೇರು ಹಾಕಬೇಕಿತ್ತು. ತಪ್ಪಿದರೆ ಹಲ್ಲುಗಳು ಕರಕರನೆ ಉಜ್ಜಿ ಸವೆಯುತ್ತಿದ್ದವು. ಬಿಡಿಭಾಗ ಸೀಮೆಯಿಂದ ಹಡಗಿನಲ್ಲಿ ಬರಬೇಕು. ಅಲ್ಲಿಯವರೆಗೆ ಗಾಡಿ ನಿಂತರೆ ಅನ್ನವೂ ನಿಂತಂತೆ. ಆದ್ದರಿಂದ ಓಡಿಸುವವನೇ ದುರಸ್ತಿಯನ್ನೂ ಬಲ್ಲವನಾಗಿರಬೇಕಿತ್ತು.

ಒಂದು ಬಸ್ಸು ಹಲವು ಬಸ್ಸುಗಳಾದವು. ಯುನಿವರ್ಸಲ್ ಮೋಟಾರ್ ಸರ್ವೀಸ್, ಜನರ ಬಾಯಲ್ಲಿ ಯು.ಎಂ.ಎಸ್., ದಕ್ಷಿಣ ಭಾರತದ ದೊಡ್ಡ ಬಸ್ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. ನಾಯ್ಡು ಅವರ ಕಾರ್ಯಾಗಾರವೂ ಅದರೊಂದಿಗೆ ಬೆಳೆಯಿತು. ಎಂಜಿನ್ನಿನ ಭಾಗಗಳಲ್ಲಿ ಬಿರುಕು ಇದೆಯೇ ಎಂದು ಮೊದಲೇ ಕಂಡುಹಿಡಿಯುವ ಕಂಪನ ಪರೀಕ್ಷಕವನ್ನು ಅವರು ರೂಪಿಸಿದರು. ಬಸ್ಸು ನಡುದಾರಿಯಲ್ಲಿ ಕೆಟ್ಟ ಮೇಲೆ ರಿಪೇರಿ ಮಾಡುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದು ಲೇಸೆಂಬ ವಿವೇಕ ಅದರ ಹಿಂದಿತ್ತು.

1932ರಲ್ಲಿ ನೀಲಗಿರಿಯ ಪೈಕಾರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಆ ವಿದ್ಯುತ್ತು ಇಳಿದು ಬಂದು ಕೊಯಮತ್ತೂರಿನ ನೂಲಿನ ಗಿರಣಿಗಳನ್ನು ತಿರುಗಿಸಿತು. ಆಳವಾದ ಬಾವಿಗಳಿಂದ ಕಪಿಲೆ ಎತ್ತುಗಳು ನೀರೆತ್ತುತ್ತಿದ್ದ ಆ ಒಣ ಸೀಮೆಯ ರೈತರಿಗೂ ಹೊಸ ಆಸೆ ಮೂಡಿತು. ಆದರೆ ವಿದ್ಯುತ್ ಮೋಟಾರುಗಳೆಲ್ಲ ಪರದೇಶದವು. ಈ ಕೊರತೆಯನ್ನು ಕಂಡ ನಾಯ್ಡು ಅವರು ಡಿ. ಬಾಲಸುಂದರಂ ಅವರೊಡನೆ ಸೇರಿ 1937ರಲ್ಲಿ ಸ್ವದೇಶಿ ವಿದ್ಯುತ್ ಮೋಟಾರನ್ನು ತಯಾರಿಸಿದರು. ಭಾರತದಲ್ಲಿ ತಯಾರಾದ ಮೊದಲ ವಿದ್ಯುತ್ ಮೋಟಾರೆಂದು ಅದನ್ನು ಗೌರವಿಸುತ್ತಾರೆ. ಬಾಲಸುಂದರಂ ಅವರು ಮುಂದೆ ಟೆಕ್ಸ್‌ಟೂಲ್ ಸಂಸ್ಥೆಯನ್ನು ಕಟ್ಟಿದರು. ಇಂದು ನಮ್ಮ ತೋಟಗಳ ಪಂಪುಗಳ ಮೇಲೆ ಕೊಯಮತ್ತೂರಿನ ಹೆಸರನ್ನು ಓದುವಾಗ ಈ ಬೇರನ್ನು ನೆನೆಯಬೇಕು.

ಅವರ ಕುತೂಹಲಕ್ಕೆ ಎಲ್ಲೆ ಇರಲಿಲ್ಲ. ಕ್ಯಾಮರಾದ ಹುಚ್ಚೂ ಇತ್ತು; 1936ರ ಜನವರಿಯಲ್ಲಿ ಲಂಡನ್ನಿನಲ್ಲಿ ನಡೆದ ಐದನೆಯ ಜಾರ್ಜ್ ದೊರೆಯ ಶವಯಾತ್ರೆಯನ್ನು ಸ್ವತಃ ಚಿತ್ರೀಕರಿಸಿದರು. ಒಣ ಬ್ಯಾಟರಿಯಿಂದ ನಡೆಯುವ ರಸಾಂತ್ ಎಂಬ ಕ್ಷೌರದ ಯಂತ್ರ, ತೆಳುವಾದ ಬ್ಲೇಡು, ಹಣ್ಣಿನ ರಸ ತೆಗೆಯುವ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಬೀಸಣಿಗೆ, ಮೋಸಕ್ಕೆ ಎಡೆಗೊಡದ ಮತ ದಾಖಲೆಯ ಯಂತ್ರ — ಹೀಗೆ ಪಟ್ಟಿ ಬೆಳೆಯುತ್ತದೆ. ಹತ್ತಿ, ಜೋಳ, ಪರಂಗಿಗಳ ಹೊಸ ತಳಿಗಳನ್ನು ಬೆಳೆಸುವ ಪ್ರಯೋಗಗಳನ್ನೂ ಅವರು ಮಾಡಿದರು. ಅವನ್ನು ನೋಡಲು ಸರ್ ಸಿ. ವಿ. ರಾಮನ್ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರಂಥ ಹಿರಿಯರೂ ಬಂದಿದ್ದರು.

ಶಾಲೆಯನ್ನು ತೊರೆದ ಈ ಮನುಷ್ಯ ವಿದ್ಯೆಯನ್ನು ತೊರೆಯಲಿಲ್ಲ. 1945ರಲ್ಲಿ, ಅಂದಿನ ಮದರಾಸಿನ ಗವರ್ನರರಾದ ಆರ್ಥರ್ ಹೋಪ್ ಅವರ ಹೆಸರಿನಲ್ಲಿ, ಕೊಯಮತ್ತೂರಿನಲ್ಲಿ ತಾಂತ್ರಿಕ ವಿದ್ಯಾಲಯ ಆರಂಭವಾಗಲು ಅವರೇ ಮುಖ್ಯ ಕಾರಣರು. ಮೂರು ನಾಲ್ಕು ತರಗತಿಯನ್ನೂ ಸರಿಯಾಗಿ ಕಾಣದವರು ಎಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲರಾದದ್ದು ವಿಸ್ಮಯವಲ್ಲವೇ? ನಾಲ್ಕು ವರ್ಷದ ಶಿಕ್ಷಣದಲ್ಲಿ ವಿದ್ಯಾರ್ಥಿಗಳ ಕಾಲ ಹಾಳಾಗುತ್ತದೆ, ಮನಸ್ಸಿಟ್ಟು ಕೈಯಿಂದ ಕಲಿಸಿದರೆ ಎರಡೇ ವರ್ಷ ಸಾಕು ಎಂಬುದು ಅವರ ನಿಲುವು. ಸರ್ಕಾರ ಒಪ್ಪಲಿಲ್ಲ, ಅವರು ಹುದ್ದೆಯನ್ನೇ ಬಿಟ್ಟರು. ಆ ವಿದ್ಯಾಲಯ ಇಂದು ಸರ್ಕಾರಿ ತಂತ್ರಜ್ಞಾನ ಕಾಲೇಜಾಗಿ ಹೆಸರುವಾಸಿಯಾಗಿದೆ.

ಅವರ ಬಾಳಿನ ದೊಡ್ಡ ಕೊರಗಿನ ಪ್ರಸಂಗವೊಂದುಂಟು. 1952ರಲ್ಲಿ ಅವರು ಇಬ್ಬರು ಕೂರುವ ಪೆಟ್ರೋಲ್ ಕಾರೊಂದನ್ನು ಸಿದ್ಧಪಡಿಸಿದರು. ಅದರ ಬೆಲೆ 2000 ರೂಪಾಯಿ. ಮಧ್ಯಮ ವರ್ಗದವನೂ ಕಾರು ಕೊಳ್ಳಬಹುದೆಂಬ ಕನಸು ಅದರಲ್ಲಿತ್ತು. ಆದರೆ 1951ರ ಕೈಗಾರಿಕಾ ಕಾಯ್ದೆಯ ಬಳಿಕ ದೊಡ್ಡ ಉದ್ಯಮಗಳಿಗೆಲ್ಲ ದೆಹಲಿಯ ಪರವಾನಗಿ ಬೇಕಾಗಿತ್ತು. ನಾಯ್ಡು ಅವರಿಗೆ ಆ ಪರವಾನಗಿ ಸಿಗಲಿಲ್ಲ. ಕಾರಿನ ತಯಾರಿಕೆ ನಿಂತುಹೋಯಿತು. ಅಂದಿನ ಸರ್ಕಾರಕ್ಕೆ ವಿದೇಶಿ ವಿನಿಮಯವನ್ನೂ ಉಕ್ಕನ್ನೂ ಹಂಚಿಕೊಡುವ ಚಿಂತೆ ಇತ್ತು, ನಿಜ. ಆದರೂ ಆ ಪುಟ್ಟ ಕಾರು ರಸ್ತೆಗೆ ಇಳಿದಿದ್ದರೆ ಎಂದು ಯೋಚಿಸದೆ ಇರಲಾಗದು.

1974ರ ಜನವರಿ 4ರಂದು ನಾಯ್ಡು ಅವರು ತೀರಿಕೊಂಡರು. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಅವರ ಹೆಸರಿನ ಕೈಗಾರಿಕಾ ಪ್ರದರ್ಶನಾಲಯವಿದೆ. 2015ರಲ್ಲಿ ಅಲ್ಲಿಯೇ ಜಿ. ಡಿ. ಕಾರು ವಸ್ತುಸಂಗ್ರಹಾಲಯವೂ ತೆರೆಯಿತು. 2025ರಲ್ಲಿ ಅದೇ ರಸ್ತೆಯ ಮೇಲೆ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆ ಬಳಕೆಗೆ ಬಂದಾಗ ಅದಕ್ಕೂ ಅವರ ಹೆಸರನ್ನೇ ಇಟ್ಟರು.

ಇನ್ನು ಮೊದಲು ಹೇಳಿದ ಪ್ರಶ್ನೆಗೆ ಬರೋಣ. ಹಲವು ವರ್ಷಗಳ ಹಿಂದೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ನಾನು ಹಳಗನ್ನಡ ಪದ್ಯದ ಅನ್ವಯ ಮಾಡುತ್ತಿದ್ದಾಗ ಅವನು ಮೇಜಿನ ಕೆಳಗೆ ಸೈಕಲ್ಲಿನ ಫ್ರೀವೀಲ್ ಬಿಚ್ಚಿಕೊಂಡು ಕುಳಿತಿದ್ದ. ಉಕ್ಕಿನ ಗುಂಡುಗಳು ನೆಲದ ಮೇಲೆಲ್ಲ ಉರುಳಿದವು. ತರಗತಿ ನಕ್ಕಿತು. ನಾನು ಸಿಟ್ಟಿನಿಂದ ಅವನನ್ನು ಹೊರಗೆ ನಿಲ್ಲಿಸಿ, ಗುಂಡುಗಳನ್ನು ಕಿಟಕಿಯಾಚೆ ಎಸೆದೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಬಾರದಿದ್ದುದಕ್ಕೆ ಮನೆಯ ಬಡತನವೂ ಕಾರಣವಿದ್ದೀತು. ಆದರೆ ಆ ಗುಂಡುಗಳನ್ನು ಎಸೆದದ್ದು ನನ್ನ ಕೈ.

ಈಚೆಗೆ ಕೊಯಮತ್ತೂರಿಗೆ ಹೋಗಿದ್ದಾಗ ಅವನೇ ನನ್ನನ್ನು ಗುರುತಿಸಿ ತಾನು ದುಡಿಯುವ ಕಾರ್ಯಾಗಾರಕ್ಕೆ ಕರೆದೊಯ್ದ. ಅಲ್ಲಿ ಹಳೆಯ ವಿದೇಶಿ ಕಾರೊಂದು ನಿಂತಿತ್ತು. ಅದರ ಸ್ವಯಂಚಾಲಿತ ಗೇರು ಪೆಟ್ಟಿಗೆ ಕೆಟ್ಟು ಬಿಡಿಭಾಗ ಸಿಗದೆ, ಕೈಯಿಂದ ಹಾಕುವ ಗೇರನ್ನು ಅಳವಡಿಸುತ್ತಿದ್ದರು. ಪೆಟ್ಟಿಗೆಯನ್ನು ಬದಲಿಸಿದರೆ ಮುಗಿಯಿತೆಂದು ನಾನು ತಿಳಿದಿದ್ದೆ. ಅವನು ಒಂದೊಂದಾಗಿ ತೋರಿಸಿದ. ಎಂಜಿನ್ನಿನ ಹಿಂದಿನ ತೆಳು ತಟ್ಟೆಯನ್ನು ತೆಗೆದು ಭಾರವಾದ ಫ್ಲೈವೀಲ್ ಕೂರಿಸಬೇಕು. ಅದರ ಮೇಲೆ ಕ್ಲಚ್ಚು. ಒಳಗೆ ಮೂರನೆಯ ಪೆಡಲಿಗೆ ಜಾಗ ಮಾಡಬೇಕು. ಹೊಸ ಪೆಟ್ಟಿಗೆಯ ಉದ್ದ ಬೇರೆಯಾದರೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ದಂಡವನ್ನು ಅಳತೆಗೆ ತಕ್ಕಂತೆ ಕತ್ತರಿಸಿ, ಬೆಸೆದು, ತೂಕ ಸಮ ಮಾಡಬೇಕು. ಇಲ್ಲವಾದರೆ ಓಡುವಾಗ ಕಾರು ನಡುಗುತ್ತದೆ. ಪೆಟ್ಟಿಗೆಯನ್ನು ಹೊರುವ ಅಡ್ಡಪಟ್ಟಿಯ ಸ್ಥಾನವನ್ನೂ ಬದಲಿಸಬೇಕು. ಒಂದನ್ನು ಬದಲಿಸಲು ಹೊರಟರೆ ಅದಕ್ಕೆ ಅಂಟಿದ ಹತ್ತನ್ನು ಅರಿಯಬೇಕು.

ಮೂಲೆಯಲ್ಲಿ ಹಳೆಯ ಪೆಟ್ಟಿಗೆ ಎಣ್ಣೆಬಟ್ಟೆಯಲ್ಲಿ ಸುತ್ತಿ ಇಟ್ಟಿತ್ತು. ಪ್ರತಿ ತಿರುಪೂ ಬೇರೆ ಬೇರೆ ಡಬ್ಬಿಯಲ್ಲಿತ್ತು. ಡಬ್ಬಿಗಳ ಮೇಲೆ ಚೀಟಿ. ಮುಂದೆಂದಾದರೂ ಬಿಡಿಭಾಗ ಸಿಕ್ಕಿದರೆ ಕಾರನ್ನು ಮೊದಲಿನಂತೆ ಮಾಡಲು ಬರಬೇಕಂತೆ. ಚೀಟಿಗಳೆಲ್ಲ ಅಚ್ಚಗನ್ನಡದಲ್ಲಿದ್ದವು. ದುಂಡಾದ ಅಕ್ಷರ, ಒಂದು ಕಾಗುಣಿತವೂ ತಪ್ಪಿರಲಿಲ್ಲ. ನನಗೆ ಮಾತು ಹೊರಡಲಿಲ್ಲ.

ಮಕ್ಕಳೇ, ನಾಯ್ಡು ಅವರು ಶಾಲೆ ಬಿಟ್ಟರೆಂದು ನೀವೂ ಬಿಡಬೇಕಾಗಿಲ್ಲ. ಅವರಂತೆ ಶಾಲೆ ತೊರೆದು ಮೇಲೆ ಬಂದವರು ವಿರಳ; ದಾರಿಯಲ್ಲಿ ಉಳಿದವರ ಲೆಕ್ಕ ಇಟ್ಟವರಿಲ್ಲ. ಅವರೇ ಕಾಲೇಜು ಕಟ್ಟಲು ಮುಂದಾದರು ಎಂಬುದನ್ನು ಮರೆಯಬೇಡಿ. ಓದಿರಿ, ಜೊತೆಗೆ ಕೈಗಳಿಗೂ ಕೆಲಸ ಕಲಿಸಿರಿ. ಇನ್ನು ಹಿಂದಿನ ಬೆಂಚಿನಲ್ಲಿ ಏನಾದರೂ ಬಿಚ್ಚುತ್ತಿರುವವರಿದ್ದರೆ ಪಾಠ ಮುಗಿದ ಮೇಲೆ ನನ್ನ ಬಳಿಗೆ ತನ್ನಿರಿ. ಕಿಟಕಿಯಾಚೆ ಎಸೆಯುವುದಿಲ್ಲ. ಮತ್ತೆ ಜೋಡಿಸುವುದು ಹೇಗೆಂದು ನನಗೂ ತೋರಿಸಿಕೊಡಿರಿ.