ಎಣಿಕೆಗೆ ಸಿಗದ ಏಕತ್ವ

ದೇವನು ಒಬ್ಬನೇ ಎಂದು ಬಾಯಿಂದ ಹೇಳುವುದು ಸುಲಭ. ಊರು ಬಿಟ್ಟು ಅಲೆಯುವಾಗ, ಒಡಹುಟ್ಟಿದವನನ್ನು ಕಳೆದುಕೊಂಡಾಗ, ನಮ್ಮನ್ನು ಹೊರಗಟ್ಟಿದವರೂ ಅದೇ ಮಾತನ್ನು ಆಡುವಾಗ ಅದರಂತೆ ಬಾಳುವುದು ಕಠಿಣ. ಹಾಗೆ ಬಾಳಿದ ಯೆಹೂದ್ಯ ಜ್ಞಾನಿ ಮೋಶೆ ಬೆನ್ ಮೈಮೋನರ ಚರಿತ್ರೆಯನ್ನು ಇಂದು ಸದ್ಭಕ್ತರ ಮುಂದೆ ಇಡುತ್ತಿದ್ದೇವೆ. ಲೋಕವು ಅವರನ್ನು ಮೈಮೋನಿಡೀಸ್ ಎಂದು ಬಲ್ಲುದು.

ಸ್ಪೇನ್ ದೇಶದ ಕಾರ್ಡೋಬಾ ನಗರದಲ್ಲಿ 1138ರ ಸುಮಾರಿಗೆ ಅವರ ಜನನ. ತಂದೆ ಯೆಹೂದ್ಯ ಧರ್ಮಶಾಸ್ತ್ರದ ನ್ಯಾಯಾಧೀಶರು, ಅವರೇ ಗುರು. 1148ರಲ್ಲಿ ಅಲ್ಮೊಹದ್ ಅರಸರು ಆ ನಗರವನ್ನು ಗೆದ್ದು, ಇಸ್ಲಾಂ ಸ್ವೀಕರಿಸದವರಿಗೆ ಅಲ್ಲಿ ನೆಲೆಯಿಲ್ಲದಂತೆ ಮಾಡಿದರು. ಕುಟುಂಬವು ವರ್ಷಗಟ್ಟಲೆ ಅಲೆದು ಮೊರಾಕ್ಕೊದ ಫೆಜ್ ನಗರ ಸೇರಿತು. 1165ರಲ್ಲಿ ಹಡಗೇರಿ ಪ್ಯಾಲೆಸ್ಟೈನ್‌ಗೆ ಹೋಗಿ, ಕೊನೆಗೆ ಈಜಿಪ್ಟಿನ ಫುಸ್ತಾತ್‌ನಲ್ಲಿ ನೆಲೆಸಿತು.

ತಮ್ಮ ದಾವೀದನು ರತ್ನವ್ಯಾಪಾರ ಮಾಡಿ ಮನೆ ಸಲಹುತ್ತಿದ್ದನು. ಅಣ್ಣನು ಶಾಸ್ತ್ರಾಭ್ಯಾಸದಲ್ಲಿ ಮುಳುಗಿದ್ದನು. ನಮ್ಮ ಭಾರತದ ಕಡೆಗೆ ವ್ಯಾಪಾರಕ್ಕೆ ಹೊರಟ ದಾವೀದನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಮಡಿದನು. ಪರರು ಕೊಟ್ಟಿದ್ದ ಹಣವೂ ಅವನೊಡನೆ ಹೋಯಿತು. ವಿಧವೆಯೂ ಪುಟ್ಟ ಮಗಳೂ ಉಳಿದರು. ಮೈಮೋನರು ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಆದರೂ ಧರ್ಮಜ್ಞಾನವನ್ನು ಹೊಟ್ಟೆಪಾಡಿಗೆ ಮಾರಲಿಲ್ಲ. ವೈದ್ಯವೃತ್ತಿಯಿಂದ ಸಂಸಾರ ನಡೆಸಿದರು. ಸುಲ್ತಾನ ಸಲಾದೀನನ ಮಂತ್ರಿ ಅಲ್ ಫಾದಿಲ್ ಅವರಿಗೆ ಆಶ್ರಯ ಕೊಟ್ಟನು. ದಿನವೂ ಕೈರೋ ನಗರದ ಅರಮನೆಗೆ ಹೋಗಿ ಹಸಿದು ಮನೆಗೆ ಬಂದರೆ, ಅಂಗಳದಲ್ಲಿ ಸ್ವಮತದವರು, ಪರಮತದವರು, ಸಿರಿವಂತರು, ಬಡವರು ಕಾದಿರುತ್ತಿದ್ದರು. ರಾತ್ರಿ ಕೂರಲಾರದೆ ಮಲಗಿಕೊಂಡೇ ರೋಗಿಗಳೊಡನೆ ಮಾತನಾಡುತ್ತಿದ್ದರು.

ಯೆಹೂದ್ಯರು ಬೆಳಗೂ ಬೈಗೂ ದೇವರ ಏಕತ್ವವನ್ನು ಪಠಿಸುತ್ತಾರೆ. ಆ ಒಂದು ಎಂಬುದರ ಅರ್ಥವೇನು? 1168ರಲ್ಲಿ ಮುಗಿಸಿದ ಮಿಶ್ನಾ ವ್ಯಾಖ್ಯಾನದಲ್ಲಿ ಮೈಮೋನರು 13 ಮೂಲತತ್ತ್ವಗಳನ್ನು ಹೇಳಿದರು, ಎರಡನೆಯದೇ ಏಕತ್ವ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅದು ಹಿಂಡಿನ ಒಂದು ಹಸುವಿನಂತಲ್ಲ. ಅಂತಹವು ಇನ್ನೂ ಇರುತ್ತವೆ. ಒಂದು ಮನೆಯಂತೆಯೂ ಅಲ್ಲ. ಕಂಬ, ತೊಲೆ, ಗೋಡೆಯಾಗಿ ಅದನ್ನು ಬಿಡಿಸಬಹುದು. ದೇವರಿಗೆ ಜೊತೆಯೂ ಇಲ್ಲ, ಭಾಗವೂ ಇಲ್ಲ, ದೇಹವೂ ಇಲ್ಲ. 1190ರ ಸುಮಾರಿನಲ್ಲಿ ಅರಬ್ಬಿಯಲ್ಲಿ ಬರೆದು ಮುಗಿಸಿದ ಸಂದೇಹಗ್ರಸ್ತರ ಮಾರ್ಗದರ್ಶಿ ಎಂಬ ಗ್ರಂಥದಲ್ಲಿ ಇನ್ನೂ ಮುಂದೆ ಹೋದರು. ದೇವರಿಗೆ ಗುಣಗಳನ್ನು ಒಂದೊಂದಾಗಿ ಅಂಟಿಸಿದರೆ ಒಬ್ಬನನ್ನು ಹಲವಾಗಿಸಿದಂತೆ. ಆದುದರಿಂದ ಅವನು ಏನಲ್ಲ ಎಂಬುದನ್ನು ಅರಿಯುತ್ತ ಸಾಗಿ, ಮೌನದಲ್ಲಿ ನಿಲ್ಲಬೇಕು ಎಂದರು. ಸ್ವಮತದ ಕೆಲವು ಪಂಡಿತರೇ ಇದನ್ನು ವಿರೋಧಿಸಿದರು.

ಆ ಅರಿವಿಗೆ ಒಂದು ಪರೀಕ್ಷೆಯೂ ಬಂದಿತು. ಯೆಹೂದ್ಯ ಧರ್ಮಕ್ಕೆ ಬಂದ ಒಬದ್ಯನೆಂಬವನು, ಮುಸಲ್ಮಾನರು ಬಹುದೇವಪೂಜಕರಲ್ಲ ಎಂದುದಕ್ಕೆ ಅವನ ಗುರುವು ಅವನನ್ನು ಮೂರ್ಖನೆಂದು ಜರೆದನು. ಒಬದ್ಯನು ಮೈಮೋನರನ್ನು ಕೇಳಿದನು. ಇಸ್ಲಾಮಿನ ಹೆಸರಿನಲ್ಲಿ ಆಳಿದವರಿಂದಲೇ ಮನೆಮಠ ಕಳೆದುಕೊಂಡವರು ಏನೆಂದಾರು? ಶಿಷ್ಯನ ಮಾತೇ ಸರಿ. ಮುಸಲ್ಮಾನರು ದೇವರ ಏಕತ್ವವನ್ನು ಕಳಂಕವಿಲ್ಲದೆ ನಂಬುತ್ತಾರೆ. ಅವರು ನಮ್ಮ ಮೇಲೆ ಸುಳ್ಳು ಹೇಳಿದರೆಂದು ನಾವು ಅವರ ಮೇಲೆ ಸುಳ್ಳು ಹೇಳಬಾರದು ಎಂದು ಉತ್ತರಿಸಿ, ಗುರುವಿನ ನಡತೆಯನ್ನೇ ಖಂಡಿಸಿದರು.

1204ರಲ್ಲಿ ಅವರು ದೇಹ ಬಿಟ್ಟರು. ಗಲಿಲಾಯದ ತಿಬೇರಿಯದಲ್ಲಿ ಅವರದೆನ್ನುವ ಸಮಾಧಿಗೆ ಜನರು ಇಂದಿಗೂ ಹೋಗುತ್ತಾರೆ.

ದೇವನೊಬ್ಬನೆಂದು ಬಲ್ಲವನು ತನಗೊಂದು, ಪರರಿಗೊಂದು ಸತ್ಯವನ್ನು ಇಟ್ಟುಕೊಳ್ಳಲಾರನು. ನೋವುಂಡ ನಾಲಗೆಯಿಂದಲೂ ನಿಜವನ್ನೇ ನುಡಿಯುವವನ ಏಕದೇವನಿಷ್ಠೆಯೇ ನಿಷ್ಠೆಯೆಂದು ನಾವು ಭಾವಿಸುತ್ತೇವೆ.