ಆರ್ಸ್‌ ಗ್ರಾಮದ ಹಳೆಯ ಗುರುನಿವಾಸ

ಆಗಸ್ಟ್ 4 ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸ್ವಾಮಿಗಳಿಗೆ ಹೂವಿತ್ತು ಶುಭ ಕೋರುವ ವಾಡಿಕೆ ಉಂಟು. ಅಂದು ಧರ್ಮಕೇಂದ್ರದ ಗುರುಗಳ ಪಾಲಕ ಸಂತರಾದ ಜಾನ್ ಮರಿಯ ವಿಯಾನಿಯವರ ಹಬ್ಬ. ಲತೀನ್ ಭಾಷೆ ಅವರಿಗೆ ಒಲಿಯದಿದ್ದುದನ್ನೂ, ಪಾಪನಿವೇದನಾ ಪೀಠದಲ್ಲಿ ಅವರು ಕಳೆದ ದೀರ್ಘ ಗಳಿಗೆಗಳನ್ನೂ ಕುರಿತು ಪ್ರಬೋಧನೆಗಳಲ್ಲಿ ನಾವು ಕೇಳಿಯೇ ಇದ್ದೇವೆ. ಆದರೆ ಅವರು 41 ವರ್ಷಗಳ ಕಾಲ ವಾಸವಾಗಿದ್ದ ಮನೆಯ ಕಥೆಯನ್ನು, ಆ ಮನೆಯನ್ನು ತೊರೆದುಹೋಗಲು ಅವರು ಮೂರು ಬಾರಿ ಹೊರಟದ್ದನ್ನು ನಾವು ಅಷ್ಟಾಗಿ ಅರಿಯೆವು.

ಫ್ರಾನ್ಸ್ ದೇಶದ ಲಿಯೋನ್ ನಗರದಿಂದ ಉತ್ತರಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿದೆ ಆರ್ಸ್ ಗ್ರಾಮ. ಇಂದು ಅದೊಂದು ಪ್ರಸಿದ್ಧ ಪುಣ್ಯಕ್ಷೇತ್ರ. ದೇವಾಲಯದ ಮಗ್ಗುಲಲ್ಲಿ ಹಳೆಯ ಗುರುನಿವಾಸವಿದೆ. ಕೆಳಗೆ ಅಡುಗೆಮನೆ, ಮೇಲೆ ಮಲಗುವ ಕೋಣೆ. ರೈತನ ಮನೆಗಿಂತ ಹೆಚ್ಚೇನೂ ಅಲ್ಲದ ಕಟ್ಟಡವದು.

ವಿಯಾನಿಯವರು ಹುಟ್ಟಿದ್ದು 1786ರ ಮೇ 8ರಂದು, ಲಿಯೋನಿನ ಸಮೀಪದ ದಾರ್ದಿಯಿ ಗ್ರಾಮದ ಬೇಸಾಯಗಾರರ ಮನೆಯಲ್ಲಿ. ಅವರ ಬಾಲ್ಯದ ದಿನಗಳು ಫ್ರಾನ್ಸಿನ ಮಹಾಕ್ರಾಂತಿಯ ದಿನಗಳು. ದೇವಾಲಯಗಳು ಮುಚ್ಚಿದ್ದವು, ಗುರುಗಳು ತಲೆಮರೆಸಿಕೊಂಡಿದ್ದರು. ಬಾಲಕ ವಿಯಾನಿ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದ್ದು ಕೂಡ ಗುಟ್ಟಾಗಿಯೇ. ಮುಂದೆ ಸೈನ್ಯದ ಕರೆ ಬಂದಾಗ ದಳವನ್ನು ಸೇರದೆ ಪರ್ವತಪ್ರದೇಶದ ಹಳ್ಳಿಯೊಂದರಲ್ಲಿ ಬೇರೆ ಹೆಸರಿನಿಂದ ಅಡಗಿದ್ದರು. ಗುರುಮಠದ ಓದು ತಲೆಗೆ ಹತ್ತಲಿಲ್ಲ. ಎಕ್ಯುಲಿಯ ಧರ್ಮಗುರು ಬಲ್ಲೇಯವರು ಬೆನ್ನಿಗೆ ನಿಂತು ಕಲಿಸದಿದ್ದರೆ 1815ರಲ್ಲಿ ಅವರಿಗೆ ಗುರುದೀಕ್ಷೆ ದೊರೆಯುತ್ತಿರಲಿಲ್ಲ.

1818ರ ಫೆಬ್ರವರಿಯಲ್ಲಿ ಅವರು ಆರ್ಸ್‌ಗೆ ಕಾಲಿಟ್ಟಾಗ ಊರಿನಲ್ಲಿದ್ದವರು ಸುಮಾರು 230 ಮಂದಿ. ಗುರುನಿವಾಸದಲ್ಲಿ ಊರ ಕೋಟೆಮನೆಯ ಒಡತಿ ಒದಗಿಸಿದ್ದ ಒಳ್ಳೆಯ ಪೀಠೋಪಕರಣಗಳಿದ್ದವು. ಹೊಸ ಸ್ವಾಮಿಗಳು ಅವುಗಳಲ್ಲಿ ಬಹುಪಾಲನ್ನು ಹಿಂದಕ್ಕೆ ಕಳುಹಿಸಿಬಿಟ್ಟರು. ಅಡುಗೆಯವರನ್ನು ಇರಿಸಿಕೊಳ್ಳಲಿಲ್ಲ. ಒಂದು ಪಾತ್ರೆಯ ತುಂಬ ಆಲೂಗೆಡ್ಡೆ ಬೇಯಿಸಿಟ್ಟುಕೊಂಡು, ಬೂಷ್ಟು ಹಿಡಿಯುವವರೆಗೂ ದಿನಕ್ಕೆ ಒಂದೆರಡರಂತೆ ತಿನ್ನುತ್ತಿದ್ದರು. 1852ರಲ್ಲಿ ಧರ್ಮಾಧ್ಯಕ್ಷರು ಗೌರವಾರ್ಥವಾಗಿ ತೊಡಿಸಿದ ಮೇಲಂಗಿಯನ್ನು 50 ಫ್ರಾಂಕಿಗೆ ಮಾರಿ ದಾನಕಾರ್ಯಕ್ಕೆ ಬಳಸಿದರು. ಮನೆಗೆ ಬಂದ ವಸ್ತು ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ನಿದ್ದೆಯೂ ನಿಲ್ಲುತ್ತಿರಲಿಲ್ಲವೆನ್ನಬೇಕು. 1824ರ ಚಳಿಗಾಲದಿಂದ ರಾತ್ರಿಯ ಹೊತ್ತು ಮನೆಯಲ್ಲಿ ಭಯಂಕರ ಸದ್ದುಗಳು ಕೇಳಿಸತೊಡಗಿದವು. ಕಳ್ಳರಿರಬಹುದೆಂದು ಊರಿನ ಗಾಡಿ ಮಾಡುವ ಬಡಗಿಯೊಬ್ಬ ಕೋವಿ ಹಿಡಿದು ಒಂದು ರಾತ್ರಿ ಕಾವಲಿದ್ದ. ಬೆಳಗಾದ ಮೇಲೆ ಮತ್ತೊಂದು ರಾತ್ರಿ ಬರಲು ಅವನು ಒಪ್ಪಲಿಲ್ಲ. ಸ್ವಾಮಿಗಳು ಅದು ಸೈತಾನನ ಕಾಟವೆಂದೇ ನಂಬಿದ್ದರು. ಇಂದಿನ ಓದುಗರು ಇದನ್ನು ತಮಗೆ ತೋಚಿದಂತೆ ಎಣಿಸಿಕೊಳ್ಳಲಿ. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಅವರು ಒಬ್ಬರೇ ಮಲಗಿದರೆಂಬುದೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಈ ನಡುವೆ ಪಾಪನಿವೇದನೆಗಾಗಿ ದೂರದೂರದಿಂದ ಜನ ಬರತೊಡಗಿದರು. ಬೇಸಗೆಯಲ್ಲಿ ದಿನಕ್ಕೆ 16 ಗಂಟೆಗಳವರೆಗೂ ಪೀಠದಲ್ಲಿ ಕೂರಬೇಕಾಯಿತು. ಸರದಿ ಬರಲು ದಿನಗಟ್ಟಲೆ ಕಾಯಬೇಕಾಗಿದ್ದುದರಿಂದ ಲಿಯೋನಿನ ರೈಲು ನಿಲ್ದಾಣದಲ್ಲಿ ಆರ್ಸ್ ಯಾತ್ರಿಕರಿಗೆಂದೇ ಎಂಟು ದಿನಗಳ ಅವಧಿಯ ಟಿಕೆಟುಗಳನ್ನು ಕೊಡುತ್ತಿದ್ದರು. ಅವರ ಬದುಕಿನ ಕೊನೆಗಾಲದಲ್ಲಿ ವರ್ಷಕ್ಕೆ ಸುಮಾರು 80,000 ಯಾತ್ರಿಕರು ಬರುತ್ತಿದ್ದರು.

ಆದರೆ ಆ ಜನಸಾಗರದ ನಡುವೆ ಸ್ವಾಮಿಗಳ ಹಂಬಲವೇ ಬೇರೆ. ಇಷ್ಟೊಂದು ಆತ್ಮಗಳ ಹೊಣೆ ಹೊರಲು ತಾವು ಯೋಗ್ಯರಲ್ಲವೆಂಬ ಅಳುಕು ಅವರನ್ನು ಬಿಡಲಿಲ್ಲ. ಎಲ್ಲಾದರೂ ಏಕಾಂತದಲ್ಲಿ ಕುಳಿತು ತಮ್ಮ ಪಾಪಗಳಿಗಾಗಿ ಅಳಬೇಕೆಂದು ಬಯಸಿದರು. ಬಿಡುಗಡೆ ಕೋರಿ ಧರ್ಮಾಧ್ಯಕ್ಷರಿಗೆ ಮತ್ತೆ ಮತ್ತೆ ಬರೆದರೂ ಅನುಮತಿ ಸಿಗಲಿಲ್ಲ. 1840ರ ಒಂದು ರಾತ್ರಿ ಮನೆಯಿಂದ ಹೊರಬಿದ್ದವರು ಸ್ವಲ್ಪ ದೂರ ನಡೆದು, ಇದು ದೇವರ ಚಿತ್ತವೇ ಎಂಬ ಸಂಶಯದಿಂದ ತಾವಾಗಿಯೇ ಹಿಂದಿರುಗಿದರು. 1843ರಲ್ಲಿ ಸಾವಿನ ಬಾಗಿಲಿಗೆ ಕರೆದೊಯ್ದ ಕಾಯಿಲೆಯಿಂದ ಎದ್ದ ಮೇಲೆ, ಸೆಪ್ಟೆಂಬರಿನ ಕತ್ತಲಲ್ಲಿ ಕಾಲ್ನಡಿಗೆಯಿಂದ ದಾರ್ದಿಯಿಯ ಅಣ್ಣನ ಮನೆ ಸೇರಿದರು. ಯಾತ್ರಿಕರು ಅಲ್ಲಿಗೂ ಹುಡುಕಿಕೊಂಡು ಬಂದರು! ಸುಮಾರು ಒಂದು ವಾರದಲ್ಲಿ ಅವರು ಆರ್ಸ್‌ಗೆ ಮರಳಿದಾಗ ಊರೇ ಗಂಟೆ ಬಾರಿಸಿ ಎದುರುಗೊಂಡಿತು. ಮೂರನೆಯ ಪ್ರಯತ್ನ 1853ರ ಸೆಪ್ಟೆಂಬರಿನಲ್ಲಿ. ಈ ಬಾರಿ ಗುಟ್ಟು ಮೊದಲೇ ಹೊರಬಿದ್ದಿತ್ತು. ಸಹಾಯಕ ಗುರುಗಳು ದಾರಿಗಡ್ಡವಾಗಿ ನಿಂತು ಅವರ ಪ್ರಾರ್ಥನಾ ಪುಸ್ತಕವನ್ನೇ ಕಸಿದುಕೊಂಡರು. ದೇವಾಲಯದ ಗಂಟೆ ಮೊಳಗಿತು. ಜನ ಸುತ್ತುವರಿದು ಬೇಡಿಕೊಂಡರು. ಅರುವತ್ತೇಳು ವಯಸ್ಸಿನ ಆ ವೃದ್ಧರು ಮರುಮಾತಿಲ್ಲದೆ ಹಿಂತಿರುಗಿ ಪಾಪನಿವೇದನಾ ಪೀಠದಲ್ಲಿ ಕುಳಿತರು. ಜನರ ಪ್ರೀತಿ ಒಬ್ಬ ಮನುಷ್ಯನ ಮೇಲೆ ಎಷ್ಟು ಭಾರ ಹೇರಬಲ್ಲುದೆಂದು ಇಲ್ಲಿ ನಮಗೆ ಅನಿಸದಿರದು.

1857ರ ಫೆಬ್ರವರಿಯಲ್ಲಿ ಅವರು ದೇವಾಲಯದಲ್ಲಿದ್ದಾಗ ಮೇಲಿನ ಕೋಣೆಗೆ ಬೆಂಕಿ ಬಿದ್ದು ಮಂಚ, ಪರದೆಗಳು ಸುಟ್ಟುಹೋದವು. ಸುದ್ದಿ ಕೇಳಿಯೂ ಅವರು ಕಂಗೆಡಲಿಲ್ಲ. 1859ರ ಜುಲೈ ಕೊನೆಯಲ್ಲಿ, ಉರಿಬಿಸಿಲಿನ ದಿನಗಳಲ್ಲಿ ಹಾಸಿಗೆ ಹಿಡಿದ ಸ್ವಾಮಿಗಳು ಆಗಸ್ಟ್ 4ರ ಬೆಳಗಿನ ಜಾವ ಎರಡು ಗಂಟೆಗೆ ಅದೇ ಕೋಣೆಯಲ್ಲಿ ಪ್ರಾಣ ಬಿಟ್ಟರು. ಈ ಸಲ ಎಲ್ಲಿಗೂ ಹೊರಡುವ ಮಾತಾಡಿರಲಿಲ್ಲ.

ಹಳೆಯ ದೇವಾಲಯಕ್ಕೆ ಜೋಡಿಸಿ ವಾಸ್ತುಶಿಲ್ಪಿ ಪಿಯೇರ್ ಬೊಸ್ಸಾನರ ಯೋಜನೆಯಂತೆ 1862ರಿಂದ ಬಸಿಲಿಕಾ ಎದ್ದಿತು. 1925ರ ಮೇ 31ರಂದು ಹನ್ನೊಂದನೆಯ ಭಕ್ತಿನಾಥ ಪೋಪರು ವಿಯಾನಿಯವರನ್ನು ಸಂತರೆಂದು ಸಾರಿದರು. 1986ರ ಅಕ್ಟೋಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆರ್ಸ್‌ಗೆ ಯಾತ್ರೆ ಬಂದರು. ಗುರುನಿವಾಸವನ್ನು ಮಾತ್ರ ಯಾರೂ ಹಿಗ್ಗಿಸಲಿಲ್ಲ, ಸಿಂಗರಿಸಲಿಲ್ಲ. ಸಂತರ ಪಾರ್ಥಿವ ಶರೀರವಿರುವ ಬಲಿಪೀಠಕ್ಕೂ ಆ ಮನೆಗೂ ನಡುವೆ ಕೆಲವೇ ಹೆಜ್ಜೆಗಳ ದೂರ.